ರೇಷನ್ ಅಂಗಡಿಯಲ್ಲಿ ಬೀಳದ ನನ್ನ ಹೆಬ್ಬೆಟ್ಟು ಕಳ್ಳರಿಗೆ ಬಿತ್ತು: ಖಾತೆಯಿಂದ 29,500 ಹೋಯಿತು, ಈಗ ನನ್ನ ಹೆಸರಿನಲ್ಲಿ ಸಾಲವೂ ಇದೆ

ಉಣಕಲ್ ಟೇಲರ್ ಅಕ್ಕ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹುಬ್ಬಳ್ಳಿ ಉಣಕಲ್‌ನಲ್ಲಿ ನನ್ನದೊಂದು ಸಣ್ಣ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ, ಫಾಲ್-ಪಿಕೋ ಮಾಡುತ್ತೇನೆ. 22 ವರ್ಷ ಆಯಿತು. ಸೂಜಿ ಚುಚ್ಚಿ, ಕತ್ತರಿ ಹಿಡಿದು ಬಲಗೈ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯ ಮಷಿನ್‌ನಲ್ಲಿ ನನ್ನ ಹೆಬ್ಬೆಟ್ಟು ಒಂದೇ ಸಲಕ್ಕೆ ಬಿದ್ದದ್ದು ನೆನಪಿಲ್ಲ. ಸೆರಗಿಗೆ ಒರೆಸಿ, ತಲೆಗೂದಲಿಗೆ ಉಜ್ಜಿ ಮತ್ತೆ ಇಡಬೇಕು. ಹಿಂದೆ ಪಾಳಿಯಲ್ಲಿ ನಿಂತವರು ಬೇಸರ ಮಾಡಿಕೊಳ್ಳುತ್ತಾರೆ. "ಅಕ್ಕಾರ, ಇನ್ನೊಂದು ಬೆರಳು ಇಡ್ರಿ" ಅಂತ ಅಂಗಡಿಯವರು ಹೇಳುತ್ತಾರೆ. ಕೊನೆಗೆ ಎಡಗೈ ತೋರುಬೆರಳು ಕೈ ಹಿಡಿಯುತ್ತದೆ.

ಐದು ವಾರದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಹೀಗೇ ಒದ್ದಾಡಿ ಅಕ್ಕಿ ತಂದೆ. ಅಂಗಡಿಗೆ ಬಂದು ಹೊಲಿಯಲು ಕೂತೆ. ಮದುವೆ ಸೀಸನ್, ಕೈತುಂಬಾ ಕೆಲಸ. ಫೋನ್ ಮಷಿನ್‌ನ ಡ್ರಾಯರಿನಲ್ಲಿತ್ತು. ಮಧ್ಯಾಹ್ನ ಎರಡಕ್ಕೆ ಗಿರಾಕಿಯೊಬ್ಬರು ಹಣ ಹಾಕಿದ್ದೇನೆ ಅಂದರು. ಬಂತಾ ಅಂತ ನೋಡಲು ತೆಗೆದರೆ, ಮೂರು ಮೆಸೇಜ್ ಬಂದು ಕೂತಿವೆ. 11:21ಕ್ಕೆ 10,000. 11:23ಕ್ಕೆ 10,000. 11:26ಕ್ಕೆ 9,500. ಉಳಿದದ್ದು 412 ರೂಪಾಯಿ.

ಎಟಿಎಂ ಕಾರ್ಡ್ ಮನೆಯಲ್ಲಿ ಡಬ್ಬಿಯೊಳಗಿತ್ತು. ಯಾರಿಗೂ ಒಟಿಪಿ ಕೊಟ್ಟಿಲ್ಲ. ಯಾವ ಲಿಂಕ್ ಕೂಡ ಒತ್ತಿಲ್ಲ. ಅರ್ಧ ಹೊಲಿದ ತೋಳನ್ನು ಹಾಗೇ ಬಿಟ್ಟು ಬ್ಯಾಂಕಿಗೆ ಓಡಿದೆ. ಅಲ್ಲಿದ್ದವರು ಕಂಪ್ಯೂಟರ್ ನೋಡಿ, "ಇದು ಆಧಾರ್ ಮೇಲೆ ಹೆಬ್ಬೆಟ್ಟು ಇಟ್ಟು ತೆಗೆದದ್ದು. ನಿಮ್ಮ ಬೆರಳಿಲ್ಲದೆ ಹಣ ಬರಂಗಿಲ್ಲ. ಮನ್ಯಾಗ ಯಾರನ್ನರ ಕೇಳ್ರಿ" ಅಂದರು. ಬರೆದುಕೊಟ್ಟ ದೂರನ್ನೂ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಮಗನ ಮುಖ ನೋಡಿದೆ. ಒಂದು ಕ್ಷಣ ಅವನ ಮೇಲೆ ಅನುಮಾನ ಬಂತು. ಹಣ ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ನೋವು. ಅವನೇ ಪಾಪ ಆಮೇಲೆ ಸೈಬರ್ ಕಳ್ಳತನದ ದೂರಿಗೆ ಇರುವ 1930ಕ್ಕೆ ಫೋನ್ ಹಚ್ಚಿಕೊಟ್ಟ. ಅಷ್ಟೊತ್ತಿಗೆ ನಾಲ್ಕು ಗಂಟೆ. ದೂರಿನ ನಂಬರ್ ಬಂತು. ಮರುದಿನ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಸಾಹೇಬರು ಮೊದಲು ಕೇಳಿದ್ದೇ, "ಇತ್ತೀಚೆಗೆ ಜಾಗ ಏನರ ರಿಜಿಸ್ಟರ್ ಮಾಡಿಸೀರೇನು?" ಅಂತ. ಹೌದು, ಐದು ತಿಂಗಳ ಹಿಂದೆ ಒಂದೂವರೆ ಗುಂಟೆ ಜಾಗ ಮಾಡಿಸಿದ್ದೆ. ಪತ್ರದಲ್ಲಿ ಆಧಾರ್ ನಂಬರ್, ಪ್ಯಾನ್ ನಂಬರ್, ಫೋಟೋ, ಹೆಬ್ಬೆಟ್ಟಿನ ಗುರುತು ಎಲ್ಲಾ ಒಟ್ಟಿಗೇ ಇವೆ. ಇಂಥ ಪತ್ರಗಳ ಪ್ರತಿ ಸಿಕ್ಕರೆ ಅದರ ಗುರುತಿನಿಂದ ಸಿಲಿಕೋನ್ ಬೆರಳು ಮಾಡಿಕೊಳ್ಳುತ್ತಾರೆ ಅಂತ ಅವರು ಹೇಳಿದರು. ನನ್ನ ಕೈಗೇ ಬೀಳದ ಹೆಬ್ಬೆಟ್ಟು ಅವರ ರಬ್ಬರಿಗೆ ಬಿದ್ದಿದೆ.

ಎಫ್‌ಐಆರ್ ಆಯಿತು. ಅದರ ಪ್ರತಿ ಹಿಡಿದು ಮೂರನೇ ದಿನ ಹೋದಾಗ ಬ್ಯಾಂಕಿನವರು ಅರ್ಜಿ ತೆಗೆದುಕೊಂಡರು. ಆಮೇಲೆ ಏನೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಎರಡು ವಾರದ ಹಿಂದೆ ಯಾರೋ ಫೋನ್ ಮಾಡಿ, "48,000 ಸಾಲ ತಗೊಂಡು ಕಂತು ಕಟ್ಟಿಲ್ಲ, ಮನೆಗೆ ಬರ್ತೀವಿ" ಅಂತ ಬೈದರು. ನಾನು ಸಾಲವನ್ನೇ ಮಾಡಿಲ್ಲ. ದಿನಕ್ಕೆ ಆರು ಸಲ ಫೋನ್. ಗಿರಾಕಿಗಳು ಅಳತೆ ಕೊಡಲು ನಿಂತಿರುವಾಗಲೂ ಬರುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಬ್ಯಾಂಕಿನವರು ಹಣ ಕೊಡಬೇಕು ಅನ್ನುವ ನಿಯಮ ಏನಾದರೂ ಇದೆಯಾ? ಈ ಸಾಲ ನನ್ನದಲ್ಲ ಅಂತ ಯಾರ ಮುಂದೆ ಹೇಳಬೇಕು?

ಗೋಕುಲ ರೋಡ್ ಹುಡುಗ · ಸೋಮವಾರ, ರಾತ್ರಿ 10:05

ಅಕ್ಕಾ, ಬೇಜಾರಾಗಬೇಡಿ, ಒಂದು ಮಾತು ಕೇಳುತ್ತೇನೆ. ಒಟಿಪಿ ಇಲ್ಲದೆ ಹಣ ಹೋಗೋದು ಹೇಗೆ ಸಾಧ್ಯ? ಎಲ್ಲೋ ಒಂದು ಕಡೆ ಕೊಟ್ಟಿರಬೇಕು ಅನಿಸುತ್ತದೆ. ನೆನಪು ಮಾಡಿಕೊಳ್ಳಿ.

ಉಣಕಲ್ ಟೇಲರ್ ಅಕ್ಕ · ಸೋಮವಾರ, ರಾತ್ರಿ 10:18

ಇಲ್ಲ ತಮ್ಮಾ. ಇದೇ ಪ್ರಶ್ನೆಯನ್ನು ಐದು ವಾರದಿಂದ ಎಲ್ಲರೂ ಕೇಳುತ್ತಿದ್ದಾರೆ. ಕೊಟ್ಟಿದ್ದರೆ ಕೊಟ್ಟೆ ಅಂತಲೇ ಬರೆಯುತ್ತಿದ್ದೆ. ನಾನು ಮಾಡದ ತಪ್ಪನ್ನು ಮಾಡಿದೆ ಅಂತ ಒಪ್ಪಿಕೊಳ್ಳಲು ನನ್ನಿಂದ ಆಗಲ್ಲ.

ವಿದ್ಯಾನಗರ ನಿವೃತ್ತ ಕ್ಯಾಶಿಯರ್ · ಸೋಮವಾರ, ರಾತ್ರಿ 10:50

ತಂಗಿ ಹೇಳುತ್ತಿರುವುದು ಸರಿಯಾಗಿದೆ. ಆಧಾರ್ ಪೇಮೆಂಟ್‌ಗೆ ಒಟಿಪಿ ಬೇಕಾಗಿಲ್ಲ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ಕೈಯಲ್ಲಿ ಹಿಡಿದು ಬರುವ ಮಷಿನ್ ನೋಡಿದ್ದೀರಲ್ಲ, ಅದಕ್ಕೆ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು ಇಷ್ಟೇ ಸಾಕು. ಒಂದು ಸಲಕ್ಕೆ 10,000ದವರೆಗೆ ತೆಗೆಯಬಹುದು. ಅದಕ್ಕೇ ನೋಡಿ, ಎರಡು ಸಲ ಸರಿಯಾಗಿ ಹತ್ತತ್ತು ಸಾವಿರ. ಉಳಿದದ್ದು ಎಷ್ಟು ಅಂತ ಅದೇ ಮಷಿನ್‌ನಲ್ಲಿ ನೋಡಿಕೊಂಡು ಮೂರನೇ ಸಲ 9,500. ಒದ್ದಾಡುವ ವಯಸ್ಸಾದವರಿಗೆ ಅನುಕೂಲ ಆಗಲಿ ಅಂತ ತಂದ ವ್ಯವಸ್ಥೆ ಅದು. ಸಾವಿರಾರು ಮುದುಕರು ಪಿಂಚಣಿಗೆ ಪೇಟೆಗೆ ಬರುವುದು ತಪ್ಪಿದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಬೆರಳು ಕಳುವಾದರೆ ಪಿನ್ ಬದಲಿಸಿದ ಹಾಗೆ ಬೆರಳು ಬದಲಿಸಲು ಆಗಲ್ಲ.

ಈಗ ನಿಯಮದ ಮಾತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ ಬಂದ ನಿಯಮ ಇದೆ. ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದ ಬಗ್ಗೆ. ಬ್ಯಾಂಕಿನದೂ ತಪ್ಪಿಲ್ಲ, ಗ್ರಾಹಕರದೂ ತಪ್ಪಿಲ್ಲ, ನಡುವೆ ಇನ್ನೆಲ್ಲೋ ಕಳ್ಳತನ ಆಗಿದೆ ಅಂದರೆ, ಮೆಸೇಜ್ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ಒಂದು ರೂಪಾಯಿಯೂ ನಷ್ಟ ಆಗಬಾರದು. ಮೆಸೇಜ್ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ನಿಮ್ಮ ತಲೆ ಮೇಲೆ, ಝೀರೋ ಬ್ಯಾಲೆನ್ಸ್ ಮೂಲ ಖಾತೆಗೆ 5,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಪಾಲಿಸಿ. ಸಹಕಾರಿ ಬ್ಯಾಂಕ್‌ಗಳಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಬಂತು.

ಇದರಲ್ಲಿ ಎರಡು ಸಾಲನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಿ. ಒಂದು, ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಎರಡು, ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ನೀವು ಕಳ್ಳರಲ್ಲ ಅಂತ ನೀವು ತೋರಿಸಬೇಕಾಗಿಲ್ಲ ತಂಗಿ. ನಿಮ್ಮದೇ ತಪ್ಪು ಅಂತ ಅವರು ತೋರಿಸಬೇಕು.

ಒಟಿಪಿ ಕೊಟ್ಟಿದ್ದರೆ ಲೆಕ್ಕ ಬೇರೆ. ಆಗ ದೂರು ಕೊಡುವವರೆಗಿನ ನಷ್ಟ ಗ್ರಾಹಕರದು, ದೂರು ಕೊಟ್ಟ ಮೇಲಿನದು ಬ್ಯಾಂಕಿನದು. ಅದಕ್ಕೇ ಯಾರೇ ಆಗಲಿ, ತಮ್ಮದೇ ತಪ್ಪು ಅನಿಸಿದರೂ ಕೂಡಲೇ ತಿಳಿಸಬೇಕು.

ನಾಳೆಯೇ ಮಾಡಬೇಕಾದ್ದು ಹೇಳುತ್ತೇನೆ. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಪತ್ರ ಬರೆಯಿರಿ. ಸುತ್ತೋಲೆಯ ತಾರೀಕು ಹಾಕಿ. 1930ರ ದೂರಿನ ನಂಬರ್, ಎಫ್‌ಐಆರ್ ಪ್ರತಿ, ಪಾಸ್‌ಬುಕ್ ಎಂಟ್ರಿ ಹಚ್ಚಿ. ಯಾವ ಮಷಿನ್, ಯಾವ ಊರು, ಯಾವ ಏಜೆಂಟ್ ಅಂತ ಲಿಖಿತವಾಗಿ ಕೇಳಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. 34 ವರ್ಷ ಆ ಕಡೆ ಕೂತವನು ಹೇಳುತ್ತಿದ್ದೇನೆ, ಬಾಯಿಮಾತಿನ ದೂರಿಗೆ ಬ್ಯಾಂಕಿನಲ್ಲಿ ಕಿವಿ ಇಲ್ಲ.

ಮೊದಲ ದೂರಿಗೆ 30 ದಿನ ಆಗಿದ್ದರೆ, ಬ್ಯಾಂಕ್ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೂ ಹೋಗಬಹುದು. ದುಡ್ಡು ಕೊಡಬೇಕಾಗಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಗೋಕುಲ ರೋಡ್ ಹುಡುಗ · ಸೋಮವಾರ, ರಾತ್ರಿ 11:02

ನನಗೆ ಗೊತ್ತಿರಲಿಲ್ಲ. ಅಕ್ಕಾ, ಕ್ಷಮಿಸಿ. ಆ ಪತ್ರ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುತ್ತೇನೆ, ನಾಳೆ ಅಂಗಡಿಗೆ ಬರಲಾ?

ಉಣಕಲ್ ಟೇಲರ್ ಅಕ್ಕ · ಸೋಮವಾರ, ರಾತ್ರಿ 11:10

ಬಾ ತಮ್ಮಾ. ಹನ್ನೊಂದರ ಮೇಲೆ ಇರುತ್ತೇನೆ. ಕ್ಯಾಶಿಯರ್ ಅಣ್ಣಾ, "ನೀವು ತೋರಿಸಬೇಕಾಗಿಲ್ಲ" ಅಂದಿರಲ್ಲ, ಅದನ್ನು ಮೂರು ಸಲ ಓದಿದೆ.

ನವನಗರ ಲ್ಯಾಪ್‌ಟಾಪ್ · ಮಂಗಳವಾರ, ಬೆಳಿಗ್ಗೆ 7:30

ಸಾಲದ ವಿಷಯ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನನ್ನ ಅಣ್ಣನಿಗೆ ಇದೇ ಆಗಿತ್ತು.

ಮೊದಲು ಸಂಚಾರ್ ಸಾಥಿ ಸೈಟಿಗೆ ಹೋಗಿ. 2023ರಲ್ಲಿ ಟೆಲಿಕಾಂ ಇಲಾಖೆ ಶುರು ಮಾಡಿದ್ದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಅಲ್ಲಿ ಕಾಣುತ್ತದೆ. ನಿಮ್ಮದಲ್ಲದ್ದು ಇದ್ದರೆ "ನನ್ನ ನಂಬರ್ ಅಲ್ಲ" ಅಂತ ಒತ್ತಿ. ಆ ಸಿಮ್ ಇರುವವರೆಗೂ ಸುಳ್ಳು ಸಾಲದ ಒಟಿಪಿಗಳು ಅದಕ್ಕೇ ಹೋಗುತ್ತಿರುತ್ತವೆ. ನಮ್ಮಣ್ಣನ ಹೆಸರಿನಲ್ಲಿ ಎರಡು ಸಿಮ್ ಜಾಸ್ತಿ ಸಿಕ್ಕವು.

ಆಮೇಲೆ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ಪಟ್ಟಿ ತೆಗೆಯಿರಿ. ನಾಲ್ಕು ಕಂಪನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ನೋಡಿ, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಅದರಲ್ಲಿ ವಿಳಾಸ, ಫೋನ್ ನಂಬರ್ ಕಾಲಂ ಕೂಡ ಓದಿ. ನೀವು ಕಾಲಿಡದ ಊರಿನ ವಿಳಾಸ ಅಲ್ಲಿ ಇದ್ದರೆ ಅದೇ ಸಾಕ್ಷಿ. ತಪ್ಪಿದೆ ಅಂತ ಅಲ್ಲೇ ದೂರು ಹಾಕಿ, ಸಾಲ ಕೊಟ್ಟ ಕಂಪನಿಗೂ ಎಫ್‌ಐಆರ್ ಜೊತೆ ಇಮೇಲ್ ಮಾಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ.

ಎಫ್‌ಐಆರ್‌ನಲ್ಲಿ ಐಟಿ ಕಾಯ್ದೆಯ 66ಸಿ ಇದೆಯಾ ನೋಡಿ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ ಇರುವ ಕಲಂ ಅದು, ಮೂರು ವರ್ಷದವರೆಗೆ ಜೈಲು. 66ಡಿ ಇನ್ನೊಬ್ಬರಂತೆ ನಟಿಸಿ ಮೋಸ ಮಾಡಿದ್ದಕ್ಕೆ. ಸಾಲದ ವಿಷಯ ಆಮೇಲೆ ಗೊತ್ತಾಗಿದ್ದರಿಂದ ಠಾಣೆಗೆ ಹೋಗಿ ಅದನ್ನೂ ಬರೆದುಕೊಟ್ಟು ಅದೇ ಕೇಸಿಗೆ ಸೇರಿಸಲು ಹೇಳಿ.

ಮತ್ತೆ, ವಸೂಲಿಯವರಿಗೆ "ಆಮೇಲೆ ನೋಡ್ತೀನಿ", "ಸ್ವಲ್ಪ ಕಟ್ತೀನಿ" ಅಂತ ಅಪ್ಪಿತಪ್ಪಿ ಕೂಡ ಹೇಳಬೇಡಿ. ಒಂದು ರೂಪಾಯಿ ಕಟ್ಟಿದರೂ ಸಾಲ ಒಪ್ಪಿಕೊಂಡ ಹಾಗೆ ಹಿಡಿಯುತ್ತಾರೆ.

ಸಪ್ತಾಪುರ ಸ್ಪರ್ಧಾರ್ಥಿ · ಮಂಗಳವಾರ, ಮಧ್ಯಾಹ್ನ 1:15

ಅಕ್ಕನ ಹಣ ಯಾವುದೋ ಅಂಗಡಿಯಲ್ಲಿ ನಗದಾಗಿ ಹೋಗಿರಬಹುದು. ಆದರೆ ಇಂಥ ಹಣ ಬಹಳ ಸಲ ಮೊದಲು ಹೋಗಿ ಬೀಳುವುದು ನಮ್ಮಂಥ ಹುಡುಗರ ಖಾತೆಗೆ. ಇದನ್ನು ಧಾರವಾಡದಲ್ಲಿ ಓದುತ್ತಿರುವ ಎಲ್ಲರೂ ದಯವಿಟ್ಟು ಓದಬೇಕು.

ನನ್ನ ರೂಮಿನಲ್ಲಿ ಒಬ್ಬ ಇದ್ದ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ಮನೆಯಿಂದ ತಿಂಗಳಿಗೆ ಬರುತ್ತಿದ್ದ ಹಣ ರೂಮ್ ಬಾಡಿಗೆ, ಮೆಸ್ಸಿಗೇ ಸಾಲುತ್ತಿರಲಿಲ್ಲ. ಲೈಬ್ರರಿ ಹತ್ತಿರ ಪರಿಚಯ ಆದ ಒಬ್ಬ, "ನಿನ್ನ ಅಕೌಂಟ್ ಒಂದು ತಿಂಗಳು ಬಳಸಿಕೊಳ್ತೀನಿ, ಟ್ಯಾಕ್ಸ್ ಸಲುವಾಗಿ, 6,000 ಕೊಡ್ತೀನಿ" ಅಂದ. ಇವನು ಪಾಸ್‌ಬುಕ್, ಎಟಿಎಂ ಕಾರ್ಡ್, ಹೊಸ ಸಿಮ್ ಕೊಟ್ಟ. 11 ದಿನ ಅಷ್ಟೇ. ಆಮೇಲೆ ಬೇರೆ ರಾಜ್ಯದ ಪೊಲೀಸರು ಬೆಳಗಿನ ಜಾವ ರೂಮಿಗೆ ಬಂದರು. ಅವನು ಬನಿಯನ್‌ನಲ್ಲೇ ಇದ್ದ. ಅಂಗಿ ಹಾಕಿಕೊಳ್ಳುವಾಗ ಗುಂಡಿ ಹಾಕಲು ಕೈ ನಡುಗುತ್ತಿತ್ತು, ನಾನೇ ಹಾಕಿದೆ.

ಅವನು ಯಾರಿಗೂ ಮೋಸ ಮಾಡಬೇಕು ಅಂತ ಕೊಟ್ಟವನಲ್ಲ. ಆದರೆ ಆ ಖಾತೆಗೆ ಬಂದದ್ದು ಯಾರದ್ದೋ ಮಗಳ ಮದುವೆ ಹಣ, ಯಾರದ್ದೋ ಆಪರೇಷನ್ ಹಣ. ಈಗ ಕೇಸ್ ಇದೆ. ಸರ್ಕಾರಿ ನೌಕರಿಗೆ ಪೊಲೀಸ್ ವೆರಿಫಿಕೇಷನ್ ಆಗಲೇಬೇಕು ಅಲ್ವಾ? ಮೂರು ವರ್ಷ ಓದಿದ್ದು ಆರು ಸಾವಿರಕ್ಕೆ ಹೋಯಿತು. ಖಾತೆಯನ್ನು ಬಾಡಿಗೆಗೆ ಕೇಳುವವರು ಜ್ಯುಬಿಲಿ ಸರ್ಕಲ್, ಸಪ್ತಾಪುರ, ಶ್ರೀನಗರ ಎಲ್ಲಾ ಕಡೆ ಇದ್ದಾರೆ. ಟೆಲಿಗ್ರಾಂ ಗ್ರೂಪ್‌ಗಳಲ್ಲೂ ಇದ್ದಾರೆ. ಕೊಡಬೇಡಿ. ಕೇಳಿದವನ ನಂಬರ್ ಪೊಲೀಸರಿಗೆ ಕೊಡಿ.

ಬ್ಯಾಡಗಿ ಒಣಮೆಣಸಿನಕಾಯಿ · ಮಂಗಳವಾರ, ಸಂಜೆ 6:20

ಅಂಥ ಹಣ ಬಂದು ಬಿದ್ದ ಇನ್ನೊಂದು ಕಡೆಯವನು ನಾನು. ಮೆಣಸಿನಕಾಯಿ ವ್ಯಾಪಾರ. ಯಾರೋ 18,000ಕ್ಕೆ ಖಾರದಪುಡಿ ತರಿಸಿಕೊಂಡರು, ಯುಪಿಐನಲ್ಲಿ ಹಣ ಹಾಕಿದರು, ಮಾಲು ಹೋಯಿತು. 20 ದಿನದ ಮೇಲೆ ನನ್ನ ಪೂರ್ತಿ ಕರೆಂಟ್ ಅಕೌಂಟ್ ಬಂದ್. ಆ 18,000 ಕದ್ದ ಹಣವಂತೆ, ದೂರದ ರಾಜ್ಯದಲ್ಲಿ ದೂರು ದಾಖಲಾಗಿದೆಯಂತೆ. ಖಾತೆಯಲ್ಲಿ 3 ಲಕ್ಷ 40 ಸಾವಿರ ಇತ್ತು. ಸೀಸನ್ ಟೈಮ್, ಚೀಲ ಇಳಿಸಿ ಹೋದ ರೈತರಿಗೆ ಹಣ ಕೊಡಬೇಕು. ಅವರು ನನ್ನನ್ನು ನಂಬಿ ಮಾಲು ಬಿಟ್ಟು ಹೋದವರು. ಕೈಗಡ ತಂದು ಕೊಟ್ಟೆ.

ಬಿಲ್, ಲಾರಿ ರಶೀದಿ, ಗಿರಾಕಿಯ ಜೊತೆಗಿನ ವಾಟ್ಸಾಪ್ ಮಾತು, ಜಿಎಸ್‌ಟಿ ಕಾಗದ ಎಲ್ಲಾ ಸೇರಿಸಿ ಆ ಠಾಣೆಯ ತನಿಖಾಧಿಕಾರಿಗೆ ಇಮೇಲ್ ಮಾಡಿದೆ. ತಕರಾರು ಇರುವ 18,000 ಮಾತ್ರ ಹಿಡಿದಿಟ್ಟುಕೊಂಡು ಉಳಿದದ್ದು ಬಿಡಿ ಅಂತ ಕೇಳಿಕೊಂಡೆ. 40 ದಿನಕ್ಕೆ ಬಿಟ್ಟರು. ಅಕ್ಕನ ಮೇಲೆ ನನಗೆ ಕೋಪ ಇಲ್ಲ. ಅಂಥವರು ದೂರು ಕೊಡಲೇಬೇಕು, ಹಣ ಎಲ್ಲಿದೆಯೋ ಅಲ್ಲೇ ತಡೆಯಲೇಬೇಕು. ಪ್ರಾಮಾಣಿಕ ವ್ಯಾಪಾರಿಯ ಪೂರ್ತಿ ಖಾತೆ ಕಟ್ಟಿಹಾಕಬಾರದು, ಇಷ್ಟೇ ನನ್ನ ಮಾತು.

ನಿರ್ವಾಹಕರು · ಮಂಗಳವಾರ, ರಾತ್ರಿ 8:00

"ನಾವು ಸೈಬರ್ ಎಕ್ಸ್‌ಪರ್ಟ್, ಹೋದ ಹಣ 24 ಗಂಟೆಯಲ್ಲಿ ವಾಪಸ್ ಕೊಡಿಸುತ್ತೇವೆ, ಫೀ 2,000" ಅಂತ ಇಲ್ಲಿ ಬಂದ ಎರಡು ಬರಹಗಳನ್ನು ತೆಗೆದಿದ್ದೇವೆ. ಇದು ಎರಡನೇ ಸಲ ಲೂಟಿ ಮಾಡುವವರ ದಂಧೆ. ನೊಂದವರು ಎಲ್ಲಿ ಬರೆಯುತ್ತಾರೋ ಅಲ್ಲಿಗೇ ಬರುತ್ತಾರೆ. ಯಾರಿಗೂ ಖಾಸಗಿಯಾಗಿ ಎಫ್‌ಐಆರ್, ಆಧಾರ್ ಪ್ರತಿ ಕಳಿಸಬೇಡಿ. 1930ಕ್ಕೂ ಠಾಣೆಗೂ ಫೀ ಇಲ್ಲ.

ಬೆಟಗೇರಿ ಮಗಳು · ಬುಧವಾರ, ರಾತ್ರಿ 10:30

ಇದನ್ನೆಲ್ಲಾ ಓದಿ ಧೈರ್ಯ ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾವು ಗದಗದವರು. ಅಪ್ಪನಿಗೆ 68. ಮುಳಗುಂದ ಕಡೆ ನಾಲ್ಕು ಎಕರೆ ಹೊಲ ಇದೆ. ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಅಂತ ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂತು. ಊರಿನ ಗ್ರೂಪಿನಲ್ಲೇ, ಗೊತ್ತಿರುವವರ ನಂಬರಿನಿಂದಲೇ. ಅಪ್ಪ ಒತ್ತಿದ್ದಾರೆ. ರಾತ್ರಿ 86,000 ಹೋಗಿದೆ. ಗೋವಿನಜೋಳ ಮಾರಿದ ಹಣ.

ಅವರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಕಟ್ಟೆಗೆ ಹೋಗುವುದು ಬಿಟ್ಟರು. ಅರ್ಧ ರೊಟ್ಟಿ ತಿಂದು ಏಳುತ್ತಿದ್ದರು. ಅವ್ವ ಬಟ್ಟೆ ತೆಗೆಯುವಾಗ ಕಪಾಟಿನಲ್ಲಿ ಟವೆಲ್‌ನಲ್ಲಿ ಸುತ್ತಿಟ್ಟ ಫೋನ್ ಸಿಕ್ಕಿತು. ಸ್ವಿಚ್ ಆಫ್ ಮಾಡಿ ಮೂರು ಸುತ್ತು ಸುತ್ತಿದ್ದರು. ಆಗ ಕೇಳಿದರೆ, "ನಾ ಓದಿದಾಂವ ಅಲ್ಲ, ನನ್ನ ಕೈಲೇ ಆತು, ಮಕ್ಕಳಿಗೆ ಹೆಂಗ ಹೇಳ್ಲಿ" ಅಂತ ಅತ್ತರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರು ದಿನ ದಾಟಿಹೋಗಿದೆ. ಇನ್ನು ದೂರು ಕೊಟ್ಟು ಉಪಯೋಗ ಇದೆಯಾ ಕ್ಯಾಶಿಯರ್ ಕಾಕಾ?

ವಿದ್ಯಾನಗರ ನಿವೃತ್ತ ಕ್ಯಾಶಿಯರ್ · ಬುಧವಾರ, ರಾತ್ರಿ 10:45

ಇದೆ ಮಗಳೇ. ಈಗಲೇ, ಈ ರಾತ್ರಿಯೇ 1930ಕ್ಕೆ ಮಾಡು. ಹಣ ಐದಾರು ಖಾತೆ ದಾಟುತ್ತಾ ಹೋಗುತ್ತದೆ, ಎಲ್ಲೋ ಒಂದು ಕಡೆ ಸ್ವಲ್ಪ ನಿಂತಿರುತ್ತದೆ. ನಿಂತದ್ದನ್ನು ಹಿಡಿಯುತ್ತಾರೆ. ಹಿಡಿದಿಟ್ಟ ಹಣವನ್ನು ಕೋರ್ಟಿನ ಆದೇಶದ ಮೇಲೆ ವಾಪಸ್ ಪಡೆಯಬಹುದು. ನಾಳೆ ಬ್ಯಾಂಕಿನಲ್ಲಿ ಲಿಖಿತ ದೂರು ಕೊಡಿ. ಫೈಲ್ ಒತ್ತಿದ್ದನ್ನು ಮುಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಆ ಫೋನ್ ಮತ್ತೆ ಹಚ್ಚುವ ಮೊದಲು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಆ ಕಳ್ಳ ಆ್ಯಪ್ ಒಳಗಿದ್ದರೆ ಬರುವ ಮೆಸೇಜ್ ಎಲ್ಲಾ ಅವರಿಗೂ ಹೋಗುತ್ತಿರುತ್ತದೆ. ಪೊಲೀಸರು ನೋಡುವವರೆಗೆ ಫೋನ್ ಫಾರ್ಮ್ಯಾಟ್ ಮಾಡಬೇಡಿ.

ಅಪ್ಪನಿಗೆ ಹೇಳು, ಓದಿದವರದೂ ಹೋಗಿದೆ ಅಂತ. ನನ್ನ ಜೊತೆ ಕೆಲಸ ಮಾಡಿದ ಮ್ಯಾನೇಜರ್ ಒಬ್ಬರು, ಜೀವನವೆಲ್ಲಾ ಇನ್ನೊಬ್ಬರಿಗೆ ಎಚ್ಚರಿಕೆ ಹೇಳಿದವರು, ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿದವನಿಗೆ ಹೆದರಿ ಎಫ್‌ಡಿ ಮುರಿದು ಕೊಟ್ಟರು. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಹೆದರಿಕೆ ಬಂದಾಗ ಗೊತ್ತಿದ್ದದ್ದು ಕೈಗೆ ಸಿಗಲ್ಲ.

ಬೆಟಗೇರಿ ಮಗಳು · ಗುರುವಾರ, ಬೆಳಿಗ್ಗೆ 6:50

ರಾತ್ರಿಯೇ ಮಾಡಿದೆ. ದೂರಿನ ನಂಬರ್ ಬಂದಿದೆ. ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಇವತ್ತು ಬ್ಯಾಂಕಿಗೆ ತಾವೇ ಬರುತ್ತೇನೆ ಅಂದಿದ್ದಾರೆ.

ಉಣಕಲ್ ಟೇಲರ್ ಅಕ್ಕ · ಮೂರು ವಾರದ ನಂತರ

ಎಲ್ಲಿಗೆ ಬಂತು ಅಂತ ಹೇಳುತ್ತೇನೆ.

ಗೋಕುಲ ರೋಡ್ ತಮ್ಮ ಪತ್ರ ಮಾಡಿಕೊಟ್ಟ. ಆಧಾರ್ ಸೈಟಿನಲ್ಲಿ ನಮ್ಮ ಬೆರಳು ಎಲ್ಲೆಲ್ಲಿ ಬಳಕೆ ಆಗಿದೆ ಅಂತ ಆರು ತಿಂಗಳ ಪಟ್ಟಿ ಸಿಗುತ್ತದೆ, ಅದನ್ನೂ ತೆಗೆದುಕೊಟ್ಟ. ಆ ಮಂಗಳವಾರದ ಸಾಲುಗಳನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಬೆರಳು ಬೀಳಲಿಲ್ಲ, ಬೀಳಲಿಲ್ಲ, ಬೀಳಲಿಲ್ಲ, ಬಿತ್ತು. ಅದು ರೇಷನ್ ಅಂಗಡಿ. 11:21ರಿಂದ ಬಿತ್ತು, ಬಿತ್ತು, ಬಿತ್ತು. ಒಂದೂ ತಪ್ಪಿಲ್ಲ. ನನ್ನ ಸವೆದ ಬೆರಳಿಗಿಂತ ಆ ಅಂಟಿನ ಬೆರಳನ್ನೇ ಮಷಿನ್ ನಂಬಿದೆ.

ನೋಡಲ್ ಅಧಿಕಾರಿಯಿಂದ ಹತ್ತು ದಿನ ಉತ್ತರ ಬರಲಿಲ್ಲ. ಒಂಬುಡ್ಸ್‌ಮನ್‌ಗೆ ದೂರು ಹಾಕಿದೆವು. ಆಮೇಲೆ ಬ್ಯಾಂಕಿನಿಂದಲೇ ಫೋನ್ ಬಂತು. ಮಷಿನ್ ಇದ್ದದ್ದು ಬೇರೆ ರಾಜ್ಯದ ಒಂದು ಊರಿನಲ್ಲಿ. ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಅಕ್ಕಿ ತಗೊಂಡ ಹೆಂಗಸು ಹನ್ನೊಂದೂ ಇಪ್ಪತ್ತಕ್ಕೆ ಅಲ್ಲಿ ಹೇಗೆ ಇರುತ್ತಾಳೆ ಅಂತ ರೇಷನ್ ರಶೀದಿ ಇಟ್ಟು ಕೇಳಿದ್ದೆ. ನಿನ್ನೆ ಸಂಜೆ 29,500 ಖಾತೆಗೆ ಬಂದಿದೆ.

ಸಾಲದ್ದು ಇನ್ನೂ ನಡೆದಿದೆ. ಕಂಪನಿಯವರು ಕೊನೆಗೂ ಸಾಲದ ಫೈಲ್ ಕಳಿಸಿದರು. ಅದರಲ್ಲಿ ಇರುವ ಸೆಲ್ಫಿ ನನ್ನದೇ ಮುಖ. ಆದರೆ ಅದು ಸೆಲ್ಫಿ ಅಲ್ಲ, ನನ್ನ ಆಧಾರ್ ಕಾರ್ಡಿನ ಫೋಟೋವನ್ನೇ ಫೋನಿನಲ್ಲಿ ಮತ್ತೆ ಹೊಡೆದದ್ದು. ಎಡಗಡೆ ಅಂಚಿನಲ್ಲಿ ಕಾರ್ಡಿನ ಗೆರೆ ಹಾಗೇ ಕಾಣುತ್ತದೆ. 12 ವರ್ಷದ ಹಿಂದಿನ ಮುಖ, ಆಗ ನಾನು ಮೂಗುಬೊಟ್ಟು ಹಾಕುತ್ತಿದ್ದೆ. ಈಗಿನ ಫೋಟೋ ಜೊತೆ ಇಟ್ಟು ಕಳಿಸಿದ್ದೇವೆ. ನನ್ನ ಹೆಸರಿನಲ್ಲಿದ್ದ ಎರಡು ಸಿಮ್ ಬಂದ್ ಆಗಿವೆ. ವಸೂಲಿ ಫೋನ್ ನಿಂತಿದೆ.

ಕುಂದಗೋಳ ರೈತ · ಅದೇ ದಿನ, ರಾತ್ರಿ 9:15

ಅಕ್ಕಾ, ಬಹಳ ಸಂತೋಷ. ನಮ್ಮ ಅವ್ವನ ಗೃಹಲಕ್ಷ್ಮಿ 2,000, ವಿಧವಾ ಪಿಂಚಣಿ ಎಲ್ಲಾ ಒಂದೇ ಖಾತೆಗೆ ಬರುತ್ತದೆ. ಅವಳ ಹತ್ತಿರ ಬಟನ್ ಫೋನ್. ಮೊನ್ನೆ ಅವಳ ಹೆಸರಿನ ಹೊಲವನ್ನು ನಮ್ಮಿಬ್ಬರಿಗೆ ವಾಟ್ನಿ ಮಾಡಿ ರಿಜಿಸ್ಟರ್ ಮಾಡಿಸಿದ್ದೇವೆ. ಈಗ ಎದೆ ಹೊಡೆದುಕೊಳ್ಳುತ್ತಿದೆ. ಆಧಾರ್ ಲಾಕ್ ಮಾಡಿದರೆ ಸಾಕಾ?

ನವನಗರ ಲ್ಯಾಪ್‌ಟಾಪ್ · ರಾತ್ರಿ 9:30

ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಿನ ಗುರುತು ಯಾರೂ ಬಳಸದಂತೆ ಬೀಗ, ಮಾಡಬಹುದು. ಆಧಾರ್‌ಗೆ ಮೊಬೈಲ್ ನಂಬರ್ ಲಿಂಕ್ ಇರಬೇಕು. ಆದರೆ ಲಾಕ್ ಇದ್ದಾಗ ರೇಷನ್‌ಗೂ ಬೆರಳು ಬೀಳುವುದಿಲ್ಲ. ಪ್ರತಿ ಸಲ ತೆರೆಯಬೇಕು, ತೆರೆದರೆ ಹತ್ತು ನಿಮಿಷ ಇರುತ್ತದೆ, ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಬಟನ್ ಫೋನ್ ಇರುವ ಅವ್ವನಿಗೆ ಕಷ್ಟ. ನೀವು ಜೊತೆಗಿದ್ದು ತೆರೆದುಕೊಡುತ್ತೀರಿ ಅಂದರೆ ಮಾತ್ರ ಮಾಡಿ. ಇಲ್ಲದಿದ್ದರೆ ತಿಂಗಳ ಅಕ್ಕಿ ತಪ್ಪುತ್ತದೆ.

ವಿದ್ಯಾನಗರ ನಿವೃತ್ತ ಕ್ಯಾಶಿಯರ್ · ರಾತ್ರಿ 9:50

ಇನ್ನೊಂದು ದಾರಿ ಇದೆ. ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನೇ ಈ ಖಾತೆಗೆ ಬಂದ್ ಮಾಡಿ ಅಂತ ಬ್ಯಾಂಕಿಗೆ ಅರ್ಜಿ ಕೊಡಿ, ಬಹಳ ಬ್ಯಾಂಕ್‌ಗಳಲ್ಲಿ ಮಾಡಿಕೊಡುತ್ತಾರೆ. ಸರ್ಕಾರದ ಹಣ ಬಂದು ಜಮಾ ಆಗುವುದಕ್ಕೆ ತೊಂದರೆ ಇಲ್ಲ. ಅವ್ವ ಬ್ಯಾಂಕಿಗೇ ಬಂದು ಸ್ಲಿಪ್ ಬರೆದು ತೆಗೆಯುವವರಾದರೆ ಇದೇ ಒಳ್ಳೆಯದು. ಖಾತೆಗೆ ನಿಮ್ಮ ಮೊಬೈಲ್ ಅಥವಾ ಅವ್ವನ ಬಟನ್ ಫೋನ್ ನಂಬರ್ ಹಚ್ಚಿಸಿ. ಮೆಸೇಜ್ ಬರದಿದ್ದರೆ ಹಣ ಹೋದದ್ದೂ ಗೊತ್ತಾಗಲ್ಲ, ದಿನಗಳು ಹೋಗುತ್ತವೆ.

ಉಣಕಲ್ ಟೇಲರ್ ಅಕ್ಕ · ರಾತ್ರಿ 10:05

ತಮ್ಮಾ, ಶುಕ್ರವಾರ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬರುವುದಾದರೆ ನನ್ನ ಅಂಗಡಿಗೆ ಬಾ. ನಾನು ಕೊಟ್ಟ ಅರ್ಜಿಯ ಪ್ರತಿ ಇದೆ, ಅದನ್ನೇ ನೋಡಿ ಬರೆದುಕೊಡುತ್ತೇನೆ. ಪಾಸ್‌ಬುಕ್ ತಗೊಂಡು ಬಾ.

ಕುಂದಗೋಳ ರೈತ · ರಾತ್ರಿ 10:12

ಬರ್ತೀವಿ ಅಕ್ಕಾ. ಆಧಾರ್ ಜೆರಾಕ್ಸ್ ಎಷ್ಟು ತರಲಿ?

ಉಣಕಲ್ ಟೇಲರ್ ಅಕ್ಕ · ರಾತ್ರಿ 10:14

ಒಂದೇ ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಜಾಸ್ತಿ ಪ್ರತಿ ಬಿದ್ದರೆ ಅಲ್ಲೇ ಬಿಟ್ಟು ಬರಬೇಡ, ಕೈಯಲ್ಲಿ ತಗೊಂಡು ಬಾ. ಯಾವ ಕೆಲಸಕ್ಕೆ ಕೊಟ್ಟದ್ದು, ಯಾವ ತಾರೀಕು ಅಂತ ಅದರ ಮೇಲೆ ಅಡ್ಡಲಾಗಿ ಇಬ್ಬರೂ ಕೂತು ಬರೆಯೋಣ.